ಡ್ರಾಯರ್‌ನಲ್ಲಿ ಉಳಿದ ತಾಯಿ ಕಾರ್ಡ್

ನನ್ನ ನಿವೃತ್ತಿಗೆ ಇನ್ನೆರಡು ವರ್ಷವಿತ್ತು. ಚಿಂಚೋಳಿ ತಾಲ್ಲೂಕಿನ ಒಂದು ಉಪಕೇಂದ್ರದಲ್ಲಿ ಮಹಿಳಾ ಆರೋಗ್ಯ ಸಹಾಯಕಿಯಾಗಿದ್ದೆ. ಊರವರ ಬಾಯಲ್ಲಿ ಸಿಸ್ಟರ್. ನಮ್ಮ ಭಾಗದ ಕೂಲಿಯವರು ತೊಗರಿ ರಾಶಿ ಮುಗಿಸಿ, ಸಂಕ್ರಾಂತಿ ಕಳೆದ ಮೇಲೆ ಹೈದರಾಬಾದಿಗೆ ದುಡಿಯಲು ಹೋಗುವುದು ವಾಡಿಕೆ. ಯಾರ ಹೆರಿಗೆ ಯಾವಾಗ ಎಂದು ಬರೆದಿಡುವ ನನ್ನ ಹೆರಿಗೆ ಪಟ್ಟಿಯೂ ಅದನ್ನೇ ನಂಬಿ ನಡೆಯುತ್ತಿತ್ತು. ಆ ವರ್ಷ ಮಳೆ ಬಿಡಲೇ ಇಲ್ಲ. ಹೊಲದಲ್ಲಿ ನೀರು ನಿಂತು ತೊಗರಿಯ ಬೇರು ಕೊಳೆಯಿತು. ರಾಶಿಯೇ ಇಲ್ಲವೆಂದ ಮೇಲೆ ಜನ ಯಾತಕ್ಕೆ ಕಾಯುತ್ತಾರೆ? ದಸರೆಗೆ ಮೊದಲೇ ಊರು ಬಿಡತೊಡಗಿದರು.

ರೇಣುಕಾ ಚೊಚ್ಚಲ ಬಸುರಿ, ಏಳು ತಿಂಗಳು. ಬಿ.ಪಿ. ಏರುತ್ತಿದ್ದುದರಿಂದ ಮಾತ್ರೆ ಶುರುವಾಗಿತ್ತು. ಅದೆಲ್ಲ ಅವಳ ತಾಯಿ ಕಾರ್ಡಿನಲ್ಲಿತ್ತು. ಗರ್ಭಿಣಿಯ ತೂಕ, ರಕ್ತ, ಬಿ.ಪಿ., ಔಷಧಿ ಬರೆದಿಡುವ ಪುಸ್ತಕವದು. ಯಾವ ಊರಿನ ವೈದ್ಯರೂ ಮೊದಲು ಅದನ್ನೇ ಕೇಳುತ್ತಾರೆ. ಮಾಹಿತಿಯನ್ನು ಕಂಪ್ಯೂಟರ್‌ಗೆ ಏರಿಸಲು ಅವಳ ಕಾರ್ಡನ್ನು ನಾನು ತರಿಸಿಕೊಂಡಿದ್ದೆ.

“ಕಾರ್ಡ್ ಕೊಡ್ರಿ ಸಿಸ್ಟರ್, ನಾಳಿಗಿ ಹೊಂಟೀವಿ.”

“ಹೆರಿಗಿ ಇಲ್ಲೇ ಆಗಬೇಕು. ಕಾರ್ಡ್ ನನ್ನ ಹತ್ರ ಇದ್ರ ನೀ ವಾಪಸ್ ಬರ್ತಿ.”

“ಇಲ್ಲಿ ಕೂಲಿನೇ ಇಲ್ರಿ. ಕುಂತು ಏನ್ ತಿನ್ಲಿ?”

ಪಟ್ಟಿಯಲ್ಲಿ ಒಂದು ಹೆರಿಗೆ ತಪ್ಪಿದರೂ ತಿಂಗಳ ಸಭೆಯಲ್ಲಿ ಎದ್ದು ನಿಂತು ಉತ್ತರ ಹೇಳಬೇಕಿತ್ತು. ಡ್ರಾಯರ್‌ಗೆ ಬೀಗ ಹಾಕಿದೆ. ಅವಳ ಒಳ್ಳೆಯದಕ್ಕೇ ಎಂದು ನನಗೆ ನಾನೇ ಹೇಳಿಕೊಂಡೆ.

ಎಂಟನೇ ತಿಂಗಳಲ್ಲಿ, ಹೈದರಾಬಾದಿನ ಕಟ್ಟಡದ ಕೆಲಸದವರ ಶೆಡ್ಡಿನಲ್ಲಿ ಅವಳಿಗೆ ಬಿ.ಪಿ. ಏರಿ ಫಿಟ್ಸ್ ಬಂತು. ಮಾತ್ರೆಗಳು ಯಾವಾಗಲೋ ಮುಗಿದಿದ್ದವು. ಯಾವ ಮಾತ್ರೆಯೆಂದು ತೋರಿಸಲು ಕೈಯಲ್ಲಿ ಏನೂ ಇರಲಿಲ್ಲ. ರೇಣುಕಾ ಬದುಕಿದಳು. ಮಗು ಉಳಿಯಲಿಲ್ಲ.

ಶಿಶು ಸತ್ತರೆ ಇಲಾಖೆ ವಿಚಾರಣೆ ನಡೆಸುತ್ತದೆ. ಅವಳು ಊರಿಗೆ ಮರಳಿದ ಮೇಲೆ ತಾಲ್ಲೂಕಿನ ಅಧಿಕಾರಿ ನಮ್ಮ ಉಪಕೇಂದ್ರಕ್ಕೇ ಬಂದರು.

“ಕಾರ್ಡ್ ಯಾಕೆ ಒಯ್ದಿರಲಿಲ್ಲ?”

ಅವರು ಕೇಳಿದ್ದು ರೇಣುಕಾಳನ್ನು. ಉತ್ತರ ಕೊಟ್ಟವಳು ನಾನು: “ಮರೆತು ಹೋಗಿದ್ದಾಳೆ ಸರ್.”

ಅವಳು ನನ್ನನ್ನೇ ನೋಡಿದಳು. ಆಮೇಲೆ ತಲೆ ತಗ್ಗಿಸಿ, “ಹೌದ್ರಿ, ಮರ್ತಿದ್ದೆ,” ಎಂದಳು.

ಹೊರಗೆ ಬೇವಿನ ಗಿಡದ ಕೆಳಗೆ ಕೇಳಿದೆ: “ಯಾಕ್ ಹಂಗಂದಿ?”

“ಮುಂದಿನ ಸಲಾನೂ ನಿಮ್ಮ ಹತ್ರಾನೇ ಬರಬೇಕಲ್ರಿ, ಸಿಸ್ಟರ್.”

ಅಧಿಕಾರಿಯ ಜೀಪು ಇನ್ನೂ ಅಲ್ಲೇ ನಿಂತಿತ್ತು. ಒಳಗೆ ಹೋಗಿ ನಿಜ ಹೇಳಬಹುದಿತ್ತು. ಹೋಗಲಿಲ್ಲ.

ಉಳಿದ ಎರಡು ವರ್ಷ, ಮಳೆ ಹಿಡಿದು ಕೂತಿತೆಂದರೆ ಬಸುರಿಯರ ಮನೆಗೆ ನಾನೇ ಹೋಗಿ ಕಾರ್ಡನ್ನೂ ಎರಡು ತಿಂಗಳ ಮಾತ್ರೆಯನ್ನೂ ಕೈಗಿತ್ತು ಬರುತ್ತಿದ್ದೆ. ಜನ ಯಾವಾಗ ಹೊರಡಬೇಕೆಂಬುದನ್ನು ಮಳೆ ಹೇಳುತ್ತದೆ. ನನ್ನ ಪಟ್ಟಿಗೆ ಆ ಅಧಿಕಾರವಿಲ್ಲ. ವೃತ್ತಿ ಕಲಿಸಿದ ಈ ಪಾಠಕ್ಕೆ ಬೆಲೆ ತೆತ್ತವಳು ರೇಣುಕಾ. ಇಲಾಖೆಯ ವರದಿಯಲ್ಲಿ ತಪ್ಪು ಇವತ್ತಿಗೂ ಅವಳದೇ.