ಗೌರಕ್ಕನ ಕೆನ್ನೆಯ ನೆರಳು

"ಅಣ್ಣ, ಇದ್ಯಾರು? ನಮ್ ಗೌರಕ್ಕ ಎಲ್ಲೋದ್ಲು?" ನನ್ನ ಸ್ಟುಡಿಯೊದ ಕಂಪ್ಯೂಟರ್ ಪರದೆ ನೋಡುತ್ತಾ ರತ್ನಮ್ಮ ಗಾಬರಿಯಿಂದ ಕೇಳಿದರು. ಅವರು ನಮ್ಮ ಚನ್ನಪಟ್ಟಣದ ಮಂಗಳಮುಖಿ. ಅವರ ಸಂಘದ ವೆಬ್‌ಸೈಟ್ ಮುಚ್ಚಿಹೋಗಿ, ಅದರಲ್ಲಿದ್ದ ಫೋಟೊಗಳೆಲ್ಲ ಮಾಯವಾಗಿದ್ದವು. ಹೊಸದಕ್ಕೆ ಹಾಕಲೆಂದು, ಕೈಯಲ್ಲಿ ಉಳಿದಿದ್ದ ಹಳೆಯ ಫೋಟೊಗಳನ್ನು ಸ್ಕ್ಯಾನ್ ಮಾಡಿಸಲು ತಂದಿದ್ದರು.

ಮದುವೆ ಆಲ್ಬಂ ಮಾಡಿ ಮಾಡಿ ನನಗೊಂದು ಚಾಳಿ ಅಂಟಿದೆ. ಯಾವ ಮುಖ ಸಿಕ್ಕರೂ ಬೆಳ್ಳಗೆ ಮಾಡಿ ಕಲೆ ಅಳಿಸಿಬಿಡುತ್ತೇನೆ. ರತ್ನಮ್ಮ ತಂದ ಒಂದು ಫೋಟೊದಲ್ಲಿ ಗುಂಪಿನ ನಡುವೆ ಸೀರೆಯುಟ್ಟು ನಗುತ್ತಿದ್ದ ಗೌರಕ್ಕನ ಕೆನ್ನೆಯ ಮೇಲಿನ ಗಡ್ಡದ ನೆರಳನ್ನೂ ಹಾಗೆಯೇ ಒರೆಸಿಬಿಟ್ಟಿದ್ದೆ.

"ಒಸಿ ಚೆನ್ನಾಗ್ ಕಾಣ್ಲಿ ಅಂತ ಮಾಡ್ದೆ ಕಣಮ್ಮ" ಎಂದೆ.

"ಅವ್ಳು ಸತ್ತೋದ್ಮೇಲೆ ಮನೆಯವ್ರು ಇದ್ದಬದ್ದ ಫೋಟೋನೆಲ್ಲ ಒಲೆಗೆ ಹಾಕ್ಬುಟ್ರು. ಉಳ್ದಿರೋದು ಇದೊಂದೇ. ಆ ಗಡ್ಡ ಕಾಣ್ತಿದ್ರೂ ಸೀರೆ ಉಟ್ಕಂಡು ಪೇಟೆ ಬೀದೀಲಿ ನಮ್ಗಿಂತ ಮೊದ್ಲು ನಡ್ದೋಳು ಅವ್ಳು. ಇದ್ದಂಗೇ ಇರ್ಲಿ ಬುಡಣ್ಣ."

ಮತ್ತೆ ಸ್ಕ್ಯಾನ್ ಮಾಡಿ, ಏನೂ ಮುಟ್ಟದೆ ಕೊಟ್ಟೆ. ಮೊನ್ನೆ ಆಲ್ಬಂ ಮಾಡುವಾಗ, ಫೋಟೊದಲ್ಲಿ ಮದುಮಗಳೊಬ್ಬಳ ಹಣೆಯ ಗಾಯದ ಗುರುತು ಅಳಿಸಲು ಹೋದ ಕೈ ಅಲ್ಲೇ ನಿಂತಿತು. ಮೊದಲು ಅವಳಿಗೇ ಫೋನ್ ಮಾಡಿ ಕೇಳಿದೆ.