ಓರೆಯಾಗಿ ಹೋದ ನಿಂಬೆಹಣ್ಣು

ನಮ್ಮ ಫಿಸಿಕ್ಸ್ ಸರ್ ಅವರ ಅಂಗಿಯ ಜೇಬಿನಲ್ಲಿ ಸದಾ ಒಂದು ನಿಂಬೆಹಣ್ಣು ಉಬ್ಬಿಕೊಂಡಿರುತ್ತಿತ್ತು. ಬಸ್ ಹತ್ತಿದರೆ ಹೊಟ್ಟೆ ತೊಳಸುವ ಮನುಷ್ಯ, ಬದುಕೆಲ್ಲ ಬಸ್ಸಿನಲ್ಲೇ ಕಳೆದರು. ಬೆಳಿಗ್ಗೆ ಕೊಟ್ಟೂರಿನಲ್ಲಿ ಪಾಠ, ಮಧ್ಯಾಹ್ನ ಹರಪನಹಳ್ಳಿಯಲ್ಲಿ ನಮಗೆ. ಹೆಸರಿಗೆ ಅತಿಥಿ ಉಪನ್ಯಾಸಕರು. ಅತಿಥಿಯ ಹಾಗೆ ಅವರನ್ನು ಯಾರೂ ಕಂಡಿದ್ದಿಲ್ಲ.

ನಾವು ಉತ್ತರ ಹೇಳಿದರೆ ಸರಿ, ತಪ್ಪು ಅನ್ನುತ್ತಿರಲಿಲ್ಲ. "ಎಲ್ಲಿ ನಿಂತು ನೋಡಿದಿ, ಮೊದ್ಲು ಅದನ್ನ ಹೇಳವಾ" ಅನ್ನುತ್ತಿದ್ದರು.

ವೇಗವಾಗಿ ಸಾಗುವ ಗಡಿಯಾರ ನಿಧಾನವಾಗುತ್ತದೆ ಎಂಬ ಸಾಪೇಕ್ಷತೆಯ ಪಾಠ ನನ್ನ ತಲೆಗೆ ಹತ್ತಲೇ ಇಲ್ಲ. ಸಂಜೆ ಸರ್ ಮತ್ತು ನಾನು ಒಂದೇ ಬಸ್ಸಿನಲ್ಲಿ ಬರುತ್ತಿದ್ದೆವು. ನಾನು ತೆಲಿಗಿಯಲ್ಲಿ ಇಳಿಯುತ್ತಿದ್ದೆ, ಅವರದು ಮುಂದಿನ ಊರು. ಒಂದು ದಿನ "ಇಳದು ಅಲ್ಲೇ ನಿಂದ್ರು, ಕಿಟಕಿ ಕಡಿ ನೋಡು" ಎಂದರು. ಬಸ್ ಹೊರಟಾಗ ಕಿಟಕಿಯಲ್ಲಿ ನಿಂಬೆಹಣ್ಣು ಮೇಲೆ ಹಾರಿ ಅವರ ಕೈಗೇ ಬಿತ್ತು.

ಮರುದಿನ ಕೇಳಿದರು, "ನನಗ ನೆಟ್ಟಗ ಹೋಗಿ ನೆಟ್ಟಗ ಬಂತು. ನಿನಗ?"

"ಓರೆ ಹೋತ್ರಿ ಸರ್."

"ಅಂದ್ರ ನೀ ಕಂಡ ದಾರಿ ಉದ್ದ. ನಿಂಬಿಹಣ್ಣಿಗೆ ಬಸ್ಸಿನ ಓಟನೂ ಸೇರ್ತೈತಿ, ಸರಿ ಹೋತು. ಅದರ ಬದಲಿ ಬೆಳಕು ಅಂತ ತಿಳ್ಕೊ, ಅದು ಒಮ್ಮೆ ಹೋಗಿ ಬಂದ್ರ ಗಡಿಯಾರದ ಒಂದು ಟಿಕ್. ಬೆಳಕಿನ ಓಟ ಎಲ್ಲಾರಿಗೂ ಒಂದ. ದಾರಿ ಉದ್ದ, ಓಟ ಅಷ್ಟ. ಹೊತ್ತು ಹೆಚ್ಚು ಹಿಡೀಬೇಕಲ್ಲ?"

"ಒಳಗ ಕುಂತ ನಿಮಗ ನಿಧಾನ ಅನಸ್ತೈತೇನ್ರಿ?"

"ಇಲ್ಲವಾ. ನನ್ನ ನಿಮಿಷ ನನಗ ಒಂದ ನಿಮಿಷ. ನಿಧಾನ ಕಾಣೂದು ಹೊರಗ ನಿಂತ ನಿನಗ."

ಈಗ ಹಡಗಲಿಯಲ್ಲಿ ನಾನು ಅದೇ ಪಾಠ ಮಾಡುತ್ತೇನೆ, ಅದೇ ಮಾತುಗಳಲ್ಲಿ.

ಹೋದ ತಿಂಗಳು ಸರ್ ತೀರಿಕೊಂಡರು. ಎದೆನೋವು ಅಂದರಂತೆ, ಅಷ್ಟೇ. ಸುದ್ದಿ ಕೇಳಿ ನನಗೆ ಏನೂ ಆಗಲಿಲ್ಲ. ಊಟ ಮಾಡಿದೆ, ತಟ್ಟೆ ತೊಳೆದಿಟ್ಟೆ. ಅಳು ಬಾರದಿದ್ದಕ್ಕೆ ನನಗೇ ಹೆದರಿಕೆಯಾಯಿತು. ಮುಖ ನೋಡಿದರಾದರೂ ಬಂದೀತೆಂದು ಅವರ ಊರಿಗೆ ಹೋದೆ.

ಅವರ ಮನೆತನದಲ್ಲಿ ಸತ್ತವರನ್ನು ಕೂರಿಸಿಯೇ ಒಯ್ಯುತ್ತಾರೆ. ಹಣೆಗೆ ವಿಭೂತಿ, ಕೊರಳಿಗೆ ಮಲ್ಲಿಗೆ ಹಾರ. ನಾನು ರಸ್ತೆ ಬದಿಯಲ್ಲಿ ನಿಂತಿದ್ದೆ. "ಈಕಿ ಕಣ್ಣಾಗ ಒಂದು ಹನಿ ನೀರಿಲ್ಲ ನೋಡು" ಎಂದಳು ಪಕ್ಕದ ಹೆಂಗಸು. ಆಕೆ ಎಲ್ಲಿ ನಿಂತು ನೋಡಿದಳೋ.

ಕಿಟಕಿ ಪಕ್ಕ ಕೂತ ಹಾಗೆಯೇ ಕೂತು ಸರ್ ನನ್ನೆದುರು ಸಾಗಿ ಹೋದರು. ಅಳು ಆಗಲೂ ಬರಲಿಲ್ಲ. ಅವರ ಕೈಗಳು ತೊಡೆಯ ಮೇಲಿದ್ದವು. ತಿರುವು ದಾಟುವವರೆಗೂ ಅವನ್ನೇ ನೋಡುತ್ತ ನಿಂತೆ, ನಿಂಬೆಹಣ್ಣು ಒಮ್ಮೆ ಮೇಲೆ ಹಾರೀತೆಂದು.