ಕಬಡ್ಡಿಯ ಅಂಜಿಕೆ ಕಳೆದ ಮೇಲೆ

ಮುದ್ದೇಬಿಹಾಳದ ಕಾಲೇಜಿನಲ್ಲಿ ನಾನು ಹುಡುಗಿಯರ ಕಬಡ್ಡಿ ತಂಡದ ರೇಡರ್ ಆಗಿದ್ದೆ. ಎರಡನೆಯ ವರ್ಷ ಆಟದಲ್ಲಿ ಬಲ ಮೊಣಕಾಲು ತಿರುಚಿ ಬಿದ್ದೆ. ಆಪರೇಷನ್ ಆಯಿತು, ತಿಂಗಳುಗಟ್ಟಲೆ ವ್ಯಾಯಾಮವಾಯಿತು. ಕೊನೆಗೆ ಡಾಕ್ಟರು ಇನ್ನು ಆಡಬಹುದು ಎಂದರು. ಆದರೆ ಮಧ್ಯದ ಗೆರೆ ದಾಟುತ್ತಲೇ ನನ್ನ ಕಾಲು ನಿಂತುಬಿಡುತ್ತಿತ್ತು. ಬಾಯಲ್ಲಿ ಕಬಡ್ಡಿ ಕಬಡ್ಡಿ ನಡೆದಿರುತ್ತಿತ್ತು, ಕೈ ಚಾಚುತ್ತಿರಲಿಲ್ಲ. ಯಾರನ್ನೂ ಮುಟ್ಟದೆ ತಿರುಗಿ ಬರುತ್ತಿದ್ದೆ.

ಆಟಗಾರರ ಮನಸ್ಸಿಗೆ ತರಬೇತಿ ಕೊಡುವ ಮೇಡಂ ಒಬ್ಬರು ಬಸವನ ಬಾಗೇವಾಡಿಯಲ್ಲಿದ್ದಾರೆ, ಸಂಮೋಹನ ಚಿಕಿತ್ಸೆಯನ್ನೂ ಮಾಡುತ್ತಾರೆ ಎಂದು ನಮ್ಮ ಕೋಚ್ ಹೇಳಿದರು. ಅವ್ವ ಗಾಬರಿಯಾದಳು.

"ಮಾಟಗೀಟ ಅಲ್ಲ ಹೌದಿಲ್ರಿ?" ಎಂದು ಅಪ್ಪನನ್ನು ಕೇಳಿದಳು.

ಆಟೊ ಓಡಿಸುವ ಅಪ್ಪನಿಗೂ ಅದೇನೆಂದು ತಿಳಿದಿರಲಿಲ್ಲ. "ನಾನೂ ಸಂಗಾಟ ಹೋಗ್ತೇನಿ ಬಿಡು," ಎಂದ.

ಮೇಡಂ ಅವರ ಕೋಣೆ ಔಷಧದಂಗಡಿಯ ಮೇಲಿತ್ತು. ಅಪ್ಪ ಹೊರಗೆ ಮೆಟ್ಟಿಲ ಮೇಲೆ ಕೂತ.

"ನಿನಗ ನಿದ್ದಿ ಹತ್ತಂಗಿಲ್ಲ ತಂಗಿ. ಎಲ್ಲಾ ಕೇಳಸ್ತಿರ್ತೈತಿ," ಎಂದು ಮೇಡಂ ನನ್ನನ್ನು ಕುರ್ಚಿಗೆ ಒರಗಿಸಿದರು. "ಕಣ್ಣು ಮುಚ್ಚಿ ಮನಸಿನ್ಯಾಗ ಗೆರಿ ದಾಟು. ಕಾಲು ಎಲ್ಲಿ ನಿಲ್ಲತೈತಿ, ಅಲ್ಲೇ ನಿಂದ್ರು. ಉಸಿರು ಬಿಡು. ಆಮ್ಯಾಲ ಮುಂದ ಹೋಗು."

ಕೆಳಗೆ ಬಸ್ಸಿನ ಹಾರ್ನ್ ಕೇಳುತ್ತಲೇ ಇತ್ತು. ಮೈಯೆಲ್ಲ ಹಗುರಾಗಿತ್ತು. ಬಿದ್ದ ಗಳಿಗೆ ಮತ್ತೆ ಕಂಡಿತು, ಅತ್ತುಬಿಟ್ಟೆ. ಮೇಡಂ ಅಳಲು ಬಿಟ್ಟು, ಆಮೇಲೆ ಮತ್ತೆ ಗೆರೆಯ ಹತ್ತಿರ ಕರೆದೊಯ್ದರು.

ಕೆಲವು ವಾರ ಹೀಗೇ ಹೋಗಿ ಬಂದೆವು. ಸಿಂದಗಿಯ ಪಂದ್ಯದಲ್ಲಿ ನನ್ನ ಕಾಲು ನಿಲ್ಲಲಿಲ್ಲ. ಮೊದಲ ರೇಡಿನಲ್ಲೇ ಇಬ್ಬರನ್ನು ಮುಟ್ಟಿ ಬಂದೆ. ಅಂಕಣದ ಬದಿಯಲ್ಲಿ ಅಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದ. ನನಗೆ ನಾನೇ ಮರಳಿ ಸಿಕ್ಕಿದ್ದೆ.

ಮುಂದಿನ ಪಂದ್ಯ ಇಂಡಿ ಪಟ್ಟಣದಲ್ಲಿತ್ತು. ಅಲ್ಲಿ ಯಾರೂ ನನ್ನನ್ನು ಹಿಡಿಯಲಿಲ್ಲ. ಒಬ್ಬಳನ್ನು ಮುಟ್ಟಿ ತಿರುಗುವಾಗ ಮೊಣಕಾಲು ತಾನಾಗಿಯೇ ಕುಸಿಯಿತು. ಒಳಗೇನೋ ಕಿತ್ತುಹೋದದ್ದು ನನಗೇ ಕೇಳಿಸಿತು. ಎದ್ದೇಳಲು ಹೋದರೆ ಕಾಲು ನನ್ನದಲ್ಲ ಅನ್ನಿಸಿತು.

"ಈ ಕಾಲು ಇನ್ನ ನಡಿಯಾಕ ಅಷ್ಟರಿ. ಆಟ ಬಿಟ್ಟಬಿಡ್ರಿ," ಎಂದರು ಡಾಕ್ಟರು. ಅಪ್ಪ ಆಟೊದಲ್ಲಿ ಮನೆಗೆ ಕರೆತಂದ.

ಸುದ್ದಿ ತಿಳಿದು ಮೇಡಂ ಮನೆಗೆ ಬಂದರು. ನನ್ನ ಮಂಚದ ತುದಿಯಲ್ಲಿ ಕೂತರು.

"ನಿನ್ನ ಅಂಜಿಕಿ ಖರೇನ ಹೇಳಾಕತ್ತಿತ್ತೇನೊ ತಂಗಿ. ನಾ ಅದರ ಬಾಯಿ ಮುಚ್ಚಿಸಿದ್ನೇನೊ."

"ಡಾಕ್ಟರೂ ಆಡು ಅಂದಿದ್ರಲ್ರಿ."

"ಅಂದಿದ್ರು," ಎಂದು ತಲೆ ತಗ್ಗಿಸಿದರು. ಅವ್ವ ತಂದಿಟ್ಟ ಚಹಾ ಆರುತ್ತಿತ್ತು. ಆಮೇಲೆ ನನ್ನ ಕಡೆ ಬಾಗಿ, "ಕಣ್ಣು ಮುಚ್ಚು. ಬ್ಯಾನಿ ಕಡಿಮಿ ಆಗೂವಂಗ ಮಾಡ್ತೇನಿ," ಎಂದರು.

"ಬ್ಯಾಡ್ರಿ ಮೇಡಂ. ಕಣ್ಣು ಮುಚ್ಚಿದ್ರ ಅಂಕಣ ಕಾಣತೈತಿ. ಅದರಾಗ ನಾ ಓಡಾಕತ್ತಿರ್ತೇನಿ."

ಅವರು ನನ್ನ ಕೈ ಹಿಡಿದು ಅತ್ತರು. ಅವರ ಮೇಲೆ ನನಗೆ ಸಿಟ್ಟಿರಲಿಲ್ಲ, ಈಗಲೂ ಇಲ್ಲ.

ಈಗ ತಾಂಬಾ ಎಂಬ ಊರಿನ ಸಾಲೆಯೊಂದರಲ್ಲಿ ಗಣಿತ ಹೇಳಿಕೊಡುತ್ತೇನೆ. ಹೋದ ವರ್ಷ ರಜೆಗೆ ಊರಿಗೆ ಬಂದಾಗ ನಮ್ಮ ಕಾಲೇಜಿನ ಪಂದ್ಯವಿತ್ತು. "ನೋಡಾಕ ಬರ್ತೀಯೇನವಾ?" ಎಂದು ಅಪ್ಪ ಕೇಳಿದ. ಬರುವುದಿಲ್ಲ ಎಂದೆ. ಅವನೊಬ್ಬನೇ ಹೋಗಿ ಬಂದ. ಯಾರು ಗೆದ್ದರೆಂದು ನಾನು ಕೇಳಲಿಲ್ಲ.